ಗಾಲಿಯ ಹಣೆ

ಮಾವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಕ್ಯಾಂಟೀನಿನಲ್ಲಿ ಯಾವತ್ತೋ ಇಡ್ಲಿ ಕೊಪ್ಪರಿಗೆಯ ಮುಚ್ಚಳ ಬಿದ್ದು ಆದ ಸೀಳು ಅದು, ಮತ್ತೆ ಕೂಡಲೇ ಇಲ್ಲ. ಒಂದು ಅರ್ಧ ಇನ್ನೊಂದಕ್ಕಿಂತ ತುಸು ಮೇಲೆದ್ದು ಚೂಪಾಗಿ ಬೆಳೆಯುತ್ತಿತ್ತು. ಅವರು ಅದನ್ನು ಕತ್ತರಿಸುತ್ತಿರಲಿಲ್ಲ, ಹತಾರಿನ ಹಾಗೆ ಇಟ್ಟುಕೊಂಡಿದ್ದರು. ಡಬ್ಬಿಯ ಮುಚ್ಚಳ, ಕುಕ್ಕರಿನ ರಬ್ಬರು, ನಾನು ಒರೆಸಿದ ಅಡುಗೆ ಕಟ್ಟೆ, ನಾನು ತಟ್ಟಿದ ರೊಟ್ಟಿಯ ಅಂಚು, ಎಲ್ಲದರ ಮೇಲೂ ಆ ಉಗುರು ಹರಿದಾಡಿ ಏನಾದರೊಂದು ತಪ್ಪನ್ನು ಹೆಕ್ಕಿ ತರುತ್ತಿತ್ತು. ಮದುವೆಯಾಗಿ ಡೊಂಬಿವಲಿಯ ಈ ಮನೆಗೆ ಬಂದ ದಿನದಿಂದ ನನಗೆ ಆ ಉಗುರು ಕಂಡರೆ ಆಗುತ್ತಿರಲಿಲ್ಲ. ಉಗುರಿನ ಯಜಮಾನರನ್ನು ಕಂಡರೂ ಅಷ್ಟೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಹಾಗೆನ್ನುವವರು ನನ್ನ ಮಾವನ ಜೊತೆ ಒಂದು ವಾರ ಇದ್ದು ನೋಡಬೇಕಿತ್ತು.

ಅವರು ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಹೋಟೆಲುಗಳಲ್ಲಿ ತಟ್ಟೆ ತೊಳೆದು, ಕೊನೆಗೆ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಕೆಮಿಕಲ್ ಫ್ಯಾಕ್ಟರಿಯ ಕ್ಯಾಂಟೀನು ಹಿಡಿದಿದ್ದರು. ಕಷ್ಟಪಟ್ಟು ಮೇಲೆ ಬಂದವರು, ಇಲ್ಲವೆನ್ನುವುದಿಲ್ಲ. ಆದರೆ ತಾನು ಪಟ್ಟ ಕಷ್ಟವನ್ನು ಎಲ್ಲರೂ ಪಡಲೇಬೇಕು ಎಂಬ ಹಟ ಇತ್ತು. ಕ್ಯಾಂಟೀನು ಬಿಟ್ಟ ಮೇಲೆ ಮನೆಯನ್ನೇ ಕ್ಯಾಂಟೀನು ಮಾಡಿಕೊಂಡರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಕೈಕೆಳಗೆ ಉಳಿದವಳು ನಾನೊಬ್ಬಳೇ.

ನನ್ನನ್ನು ಅವರು ಕರೆಯುತ್ತಿದ್ದದ್ದು 'ಘಟ್ಟದವಳು' ಎಂದು. ನನ್ನ ಅಪ್ಪನ ಊರು ಹುಬ್ಬಳ್ಳಿ ಕಡೆ, ನಿಜ. ಆದರೆ ನಾನು ಹುಟ್ಟಿದ್ದು ಇಲ್ಲೇ, ಡೊಂಬಿವಲಿ ಪಕ್ಕದ ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ.

"ಘಟ್ಟದವ್ರಿಗೆ ಗಂಜಿ ರುಚಿ ಎಂತ ಗೊತ್ತುಂಟು?" ಎಂದು ಒಮ್ಮೆ ನೆಂಟರ ಮುಂದೆ ಅಂದರು.

"ನಾ ಕಲ್ಯಾಣದಾಕಿ ರೀ ಮಾವ. ಘಟ್ಟ ನೋಡಿದ್ದು ಲೋನಾವಳಾಕ್ಕ ಟ್ರಿಪ್ ಹೋದಾಗ," ಎಂದೆ.

ನೆಂಟರು ನಕ್ಕರು. ಮಾವ ನಗಲಿಲ್ಲ. ಆವತ್ತಿನ ಸಾರಿಗೆ ಉಪ್ಪು ಜಾಸ್ತಿ ಎಂದು ಒಂದು ವಾರ ಹೇಳಿಕೊಂಡು ತಿರುಗಿದರು. ಸಾಲದ್ದಕ್ಕೆ ನಾನು ಎಡಚಿ. ಎಡಗೈಯಲ್ಲಿ ಸೌಟು ಹಿಡಿದರೆ "ಅನ್ನ ಮೈಲಿಗೆ ಆಯ್ತು" ಎಂದು ತಟ್ಟೆ ಬಿಟ್ಟು ಏಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಅತಿ ಹೆಚ್ಚು ಕೇಳಿದ ಮಾತು 'ಬಲಗೈ'.

ನಮ್ಮಿಬ್ಬರ ನಡುವೆ ಗೋಡೆಯಾಗಿ ನಿಂತಿದ್ದವರು ಅವರ ದೊಡ್ಡ ಮಗ, ಅಂದರೆ ನನ್ನ ಗಂಡ. ಜಗಳ ಶುರುವಾದರೆ ಅವರು ಬಕೆಟ್ಟು ಹಿಡಿದು ಕೆಳಗೆ ಪಾರ್ಕಿಂಗಿಗೆ ಹೋಗಿ ಕಾರು ತೊಳೆಯುತ್ತಿದ್ದರು. ನಮ್ಮ ಜಗಳಗಳ ದಯದಿಂದ ಇಡೀ ಸೊಸೈಟಿಯಲ್ಲಿ ನಮ್ಮ ಕಾರೇ ಹೆಚ್ಚು ಹೊಳೆಯುತ್ತಿತ್ತು. ಸಣ್ಣ ಕಾರು, ಹಳೆಯದು. ಅದಕ್ಕೆ ಕಲ್ಯಾಣದ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಅಲಾಯ್ ಗಾಲಿ ತಂದು ಹಾಕಿಸಿದ್ದರು. ಆ ಗಾಲಿಗಳ ನಟ್ಟನಡುವೆ ಒಂದು ತೂತು, ಅದನ್ನು ಮುಚ್ಚಲು ಬೆಳ್ಳಿ ಬಣ್ಣದ ಒಂದು ಬಿಲ್ಲೆ. ಸೆಂಟರ್ ಕ್ಯಾಪ್ ಅಂತಾರೆ. ಮಾವ ಅದನ್ನು ಮುಚ್ಚಳ ಎನ್ನುತ್ತಿದ್ದರು. ಪ್ರತಿ ದಸರೆಗೆ ಆಯುಧಪೂಜೆಯ ದಿನ ಝೇಂಡು, ಅಂದರೆ ಚೆಂಡು ಹೂವಿನ ಮಾಲೆ ಹಾಕಿ, ನಾಲ್ಕೂ ಕ್ಯಾಪುಗಳ ನಡುವೆ ಅವರೇ ಕುಂಕುಮ ಇಡುತ್ತಿದ್ದರು. ಅದು ಗಾಲಿಯ ಹಣೆ, ಹಣೆಗೆ ಮನೆಯ ಹಿರಿಯನೇ ಇಡಬೇಕು ಎಂಬುದು ಅವರ ಶಾಸ್ತ್ರ.

ನನ್ನ ಗಂಡ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವರು ಡೊಂಬಿವಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಬಂಧುಗಳ ಹೆಂಗಸರು ನನ್ನ ಬಳೆ ತೆಗೆಸಿದರು, ಹಣೆ ಒರೆಸಿದರು. ಮಾವ ನನ್ನೆದುರು ಅಳಲಿಲ್ಲ. ಹದಿಮೂರನೆಯ ದಿನ ಮುಗಿಯುತ್ತಲೇ ಕಾರಿನ ಕೀಲಿ ಎತ್ತಿಕೊಂಡು ಹೋಗಿ ದೇವರ ಪಟದ ಪಕ್ಕದ ಮೊಳೆಗೆ ತೂಗುಹಾಕಿದರು.

"ವರ್ಷ ಕಳೆಯುವಲ್ಲಿವರೆಗೆ ಮನೇಲಿ ಹಬ್ಬ ಇಲ್ಲ, ಪೂಜೆ ಇಲ್ಲ. ಪೂಜೆ ಆಗದ ಗಾಡಿ ಹೊರಡ್ಲಿಕ್ಕಿಲ್ಲ," ಎಂದರು.

ನಾನು ಬೇಲಾಪುರದ ಒಂದು ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆ ವರ್ಷವಿಡೀ ಠಾಣೆಯಲ್ಲಿ ರೈಲು ಬದಲಿಸಿಕೊಂಡು ಲೋಕಲ್‌ನಲ್ಲೇ ಹೋಗಿಬಂದೆ. ಹೋಗುವಾಗ ದಿನಾ ಗಂಡ ಕುಸಿದ ಪ್ಲಾಟ್‌ಫಾರ್ಮಿನ ಮೇಲೇ ನಿಲ್ಲಬೇಕು. ಆ ಕಂಬ, ಆ ಬೆಂಚು. ಪಾರ್ಕಿಂಗಿನಲ್ಲಿ ಅವರೇ ಕೂರಿಸಿ ಕಲಿಸಿದ ಕಾರು ಧೂಳು ತಿನ್ನುತ್ತ ನಿಂತಿರುವಾಗ, ನಾನು ಆ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿತೆ. ಕೀಲಿಯನ್ನು ಕಿತ್ತುಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮನೆ ಅವರದು. ಕಾಲೇಜಿಗೆ ಹೋಗುವ ಮಗಳಿಗೆ ಅಜ್ಜನೆಂದರೆ ಪ್ರಾಣ. ವರ್ಷ ಕಳೆಯಲಿ ಎಂದು ಹಲ್ಲು ಕಚ್ಚಿದೆ.

ವರ್ಷ ಕಳೆಯಿತು. ದಸರೆ ಹತ್ತಿರ ಬಂದಾಗ ಕೀಲಿ ಕೇಳಿದೆ. ಮಾವ ಚಪ್ಪಲಿ ಮೆಟ್ಟಿ ಕೆಳಗಿಳಿದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಡಗಡೆ ಮುಂದಿನ ಗಾಲಿಯ ಕ್ಯಾಪ್ ಇರಲಿಲ್ಲ. ಬಿದ್ದಿತ್ತೋ, ಯಾರಾದರೂ ಕಿತ್ತಿದ್ದರೋ. ಆ ಕಪ್ಪು ತೂತಿನೊಳಗೆ ಹೆಬ್ಬೆರಳು ತೂರಿಸಿ, ವಾಚ್‌ಮನ್ನಿಗೂ ಸೊಸೈಟಿ ಸೆಕ್ರೆಟರಿಯ ಹೆಂಡತಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಹಣೆ ಬೋಳಾದ್ದಕ್ಕೆ ನಾನು ಕುಂಕುಮ ಹಚ್ಚುದಿಲ್ಲ."

ಗಾಡಿಯ ಬಗ್ಗೆ ಆಡಿದ್ದೋ ನನ್ನ ಬಗ್ಗೆ ಆಡಿದ್ದೋ ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಅವರಿಗೆ ಕನ್ನಡ ಬರುತ್ತದೆ, ನನಗೂ ಬರುತ್ತದೆ. ಆ ಮಾತನ್ನು ನಾನು ಇವತ್ತಿಗೂ ಮಾಫಿ ಮಾಡಿಲ್ಲ.

"ಹಂಗಾರ ಪೂಜಾನೂ ಬ್ಯಾಡ, ಏನೂ ಬ್ಯಾಡ. ಕೀಲಿ ಕೊಡ್ರಿ," ಎಂದೆ.

"ದಸರೆ ಒಳಗೆ ನಾಲ್ಕೂ ಮುಚ್ಚಳ ಸರಿ ಕೂತ್ರೆ ಪೂಜೆ. ಪೂಜೆ ಆದ್ರೆ ಕೀಲಿ. ಇಲ್ಲದಿದ್ರೆ ಗಾಡಿ ಘಣಸೋಲಿಗೆ ಹೋಗ್ಲಿ. ಸಣ್ಣವ ಓಡಿಸ್ತಾನೆ."

ಸಣ್ಣವ ಅಂದರೆ ಘಣಸೋಲಿಯಲ್ಲಿ ಮನೆ ಮಾಡಿರುವ ನನ್ನ ಮೈದುನ. ಅವನು ಎರಡು ಸಲ ಫೋನ್ ಮಾಡಿ ಗಾಡಿ ಸುಮ್ಮನೆ ನಿಂತಿದೆಯಲ್ಲ ಎಂದು ರಾಗ ಎಳೆದಿದ್ದ. ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಕ್ಯಾಪ್ ಒಂದು ನೆಪ, ಗಂಡ ಬಿಟ್ಟುಹೋದ ಒಂದೇ ವಸ್ತುವನ್ನು ನನ್ನ ಕೈಯಿಂದ ತೆಗೆಯುವ ಹುನ್ನಾರ ಎಂದುಕೊಂಡೆ.

ಆದರೆ ಹುನ್ನಾರ ಹೂಡಿದವರು ಸುಮ್ಮನೆ ಕೂರಬೇಕಲ್ಲ. ಮಾರನೆಯ ದಿನವೇ ಮಾವ ತಾವೇ ಕ್ಯಾಪ್ ಹುಡುಕಲು ಹೊರಟರು. ನನ್ನ ಕೈಗೆ ಆ ಕೆಲಸ ಬಿಡುವಷ್ಟು ನಂಬಿಕೆ ಅವರಿಗಿರಲಿಲ್ಲ. ಅಳತೆಗೆ ಒಯ್ದದ್ದು ಏನನ್ನು? ತುಪ್ಪದ ಗಿಂಡಿಯ ಮುಚ್ಚಳವನ್ನು. ಅದು ಉಳಿದ ಮೂರು ಕ್ಯಾಪುಗಳ ಮುಖಕ್ಕೆ ಸರಿಸಮ ಇತ್ತಂತೆ.

"ಅಜ್ಜಾ, ಆನ್‌ಲೈನ್ ಮಂಗಾ ಲೇತೇ ಹೈ ನಾ," ಆನ್‌ಲೈನಿನಲ್ಲೇ ತರಿಸಿಬಿಡೋಣ ಎಂದಳು ಮಗಳು. ಅವಳಿಗೆ ನಮ್ಮಿಬ್ಬರ ಕನ್ನಡವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಮುಚ್ಚಳ ತರ್ಲಿಕ್ಕೆ ನಂಗೆ ಮೊಬೈಲ್ ಬೇಕಾ? ಬಾಯಿ ಅಳತೆ ಸರಿ ಇದ್ರೆ ಮುಚ್ಚಳ ಕೂರ್ತದೆ. ಸಾವಿರ ಜನಕ್ಕೆ ಅಡುಗೆ ಮಾಡಿದವ ನಾನು."

ಅಡುಗೆಯವರ ತಪ್ಪೇ ಇದು. ಅಡುಗೆಮನೆಯಲ್ಲಿ ಮುಚ್ಚಳ ಪಾತ್ರೆಯ ಬಾಯಿಯ ಮೇಲೆ ತನ್ನ ಭಾರದಿಂದ ಮಲಗಿರುತ್ತದೆ. ಗಾಲಿಯಲ್ಲಿ ಅದು ನಿಂತೇ ಇರಬೇಕು, ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಕೊಕ್ಕೆಗಳಿಂದ ತೂತಿನ ಒಳಅಂಚನ್ನು ಹಿಡಿದುಕೊಂಡು. ಮುಖ ಎಷ್ಟೇ ಸಮ ಇರಲಿ, ಕೊಕ್ಕೆಗಳ ಸುತ್ತಳತೆ ಕೂಡದಿದ್ದರೆ ಅದು ಕೂರುವುದಿಲ್ಲ.

ಮೊದಲು ಡೊಂಬಿವಲಿಯಲ್ಲೇ ಕೊಂಡುತಂದ ಕ್ಯಾಪ್ ಸಲೀಸಾಗಿ ಕೂತಿತು. ಗೆದ್ದೆ ಎಂಬಂತೆ ನನ್ನ ಕಡೆ ನೋಡಿದರು. ವಾಚ್‌ಮನ್ ಗಾಡಿಯನ್ನು ಒಂದು ಮಾರು ಹಿಂದಕ್ಕೆ ತಳ್ಳಿದ್ದೇ ತಡ, ಅದು ಕಳಚಿ ಉರುಳಿಕೊಂಡು ಹೋಗಿ ಗಟಾರಕ್ಕೆ ಬಿತ್ತು. ಆಮೇಲೆ ಠಾಣೆಯಿಂದ ತಂದದ್ದು ಒಳಗೇ ಹೋಗಲಿಲ್ಲ. ಮಾವ ಮಣೆ ಹಾಕಿ ಕೂತು, ಮನೆಯಿಂದ ಮರದ ಕುಟ್ಟಾಣಿ ತರಿಸಿ, ಕಡಲೆ ಕುಟ್ಟಿದ ಹಾಗೆ ಕುಟ್ಟಿದರು. ಒಳಗಿನಿಂದ ಕೊಕ್ಕೆ ಮುರಿದ ಸದ್ದು ನನಗೂ ಕೇಳಿತು, ಅವರಿಗೂ ಕೇಳಿತು.

"ಮುರೀತ್ರಿ," ಎಂದೆ.

"ಮುರೀಲಿಲ್ಲ. ಕೂತಿತು."

ಕೈ ತೆಗೆದರು. ಕ್ಯಾಪ್ ಅವರ ಮಡಿಲಿಗೆ ಬಿತ್ತು. "ಇದನ್ನ ಮಾಡಿದವ್ನಿಗೆ ಬುದ್ಧಿ ಇಲ್ಲ," ಎಂದು ಎದ್ದು ಹೋದರು. ಸಂಜೆ ನೋಡಿದರೆ ಪಾತ್ರೆ ಸೋರುವುದಕ್ಕೆ ಹಚ್ಚುವ ಅಂಟನ್ನು ತಟ್ಟೆಯಲ್ಲಿ ಕಲಸುತ್ತಿದ್ದಾರೆ. ನನ್ನ ಗಂಡನ ಗಾಲಿಗೆ ಅಂಟು!

"ಅಂಟು ಹಚ್ಚಿದ್ರ ಕೈ ಮುರೀತೀನ್ರಿ ಮಾವ," ಎಂದೆ. ಅಷ್ಟು ಸಿಟ್ಟಿನಲ್ಲೂ ಬಾಯಿ 'ರೀ' ಬಿಡಲಿಲ್ಲ. ತಟ್ಟೆ ಕಸಿದು ಮೋರಿಗೆ ಸುರಿದೆ. ಎರಡು ದಿನ ನಾವು ಮಾತಾಡಲಿಲ್ಲ. ಮಗಳು ಇಬ್ಬರ ತಟ್ಟೆಗೂ ಬಡಿಸಿ ಸಾಕಾದಳು.

ರವಿವಾರ ಮಧ್ಯಾಹ್ನ ಮಾವ ಮಲಗಿದಾಗ ನಾನು ಚಮಚ ಹಿಡಿದು ಕೆಳಗೆ ಹೋದೆ. ಬಲಗಡೆಯ ಮುಂದಿನ ಗಾಲಿಯ ಕ್ಯಾಪನ್ನು ಚಮಚದ ಹಿಡಿಯಿಂದ ಮೀಟಿ ತೆಗೆದೆ. ತಿರುಗಿಸಿ ನೋಡಿದರೆ ಕೊಕ್ಕೆಗಳ ಸುತ್ತ ಕರಿ ಟೇಪು. ಉಳಿದೆರಡನ್ನೂ ಮೀಟಿ ನೋಡಿದೆ, ಮೂರಕ್ಕೂ ಹಾಗೇ ಸುತ್ತಿತ್ತು. ಟೇಪಿನ ತುದಿ ಮತ್ತೆ ಸಿಗಲಿ ಎಂದು ಪುಟ್ಟದಾಗಿ ಮಡಚುವುದು ನನ್ನ ಗಂಡನ ಅಭ್ಯಾಸ, ಇಲ್ಲೂ ಮಡಚಿದ್ದರು. ಅಂದರೆ ಈ ಕ್ಯಾಪುಗಳು ಈ ಗಾಲಿಯವೇ ಅಲ್ಲ. ಅಳತೆ ಕೂಡದ್ದನ್ನು ಅವರು ಸುತ್ತಿ, ಒತ್ತಿ, ಹೇಗೋ ನಿಭಾಯಿಸಿಕೊಂಡು ಬಂದಿದ್ದರು. ಮನೆಯಲ್ಲಿ ನಮ್ಮಿಬ್ಬರನ್ನು ನಿಭಾಯಿಸಿದ ಹಾಗೆ. ಗಾಲಿಗೆ ತಲೆ ಆನಿಸಿ ಸಿಮೆಂಟಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ತೀರಿಕೊಂಡ ದಿನವೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ಮೇಲೆ ಹೋಗಿ ಬಳೆಯ ಡಬ್ಬಿ ತಂದೆ. ಹೆಂಗಸರಿಗೆ ದುಂಡನೆಯ ಅಳತೆ ಗೊತ್ತಿರುವುದು ಬಳೆಯಲ್ಲೇ. ಎರಡು-ನಾಲ್ಕು, ಎರಡು-ಆರು ಎಂದು ಅಂಗಡಿಯಲ್ಲಿ ಕೇಳಿ ಕೇಳಿ ಕೈಗೇ ಲೆಕ್ಕ ಇರುತ್ತದೆ. ಮಗಳ ಎರಡು-ಆರರ ಬಳೆ ತೂತಿನೊಳಗೆ ಹೋಗಲಿಲ್ಲ. ನನ್ನ ಎರಡು-ನಾಲ್ಕರ ಹಸಿರು ಗಾಜಿನ ಬಳೆ ಸುತ್ತಲೂ ತಾಗಿಕೊಂಡು ಸರಿಯಾಗಿ ಒಳಗೆ ಕೂತಿತು. ಒಂದು ವರ್ಷದಿಂದ ಕೈಗೆ ಏರದ ಬಳೆ.

"ಅದೆಂತದು ಕೈಲಿ?"

ಮಾವ ಹಿಂದೆ ನಿಂತಿದ್ದರು. ನಿದ್ದೆ ಬಂದಿರಲಿಲ್ಲವೋ, ಕಾವಲಿಗೇ ಬಂದಿದ್ದರೋ.

"ಬಳಿ. ಅಳತಿ ತಗೊಳ್ಳಾಕತ್ತೀನಿ."

ಬಳೆಯನ್ನು ನೋಡಿದರು, ಟೇಪು ಸುತ್ತಿದ ಕ್ಯಾಪನ್ನು ನೋಡಿದರು. ಟೇಪಿನ ಮಡಚಿದ ತುದಿಯ ಮೇಲೆ ಆ ಸೀಳು ಉಗುರು ಒಮ್ಮೆ ಹರಿಯಿತು. ಏನಾದರೂ ಒಳ್ಳೆಯ ಮಾತು ಬರಬಹುದೆಂದು ಕಾಯುವಷ್ಟು ಮೂರ್ಖಳು ನಾನಲ್ಲ. ಬರಲೂ ಇಲ್ಲ.

"ರೊಟ್ಟಿ ಗುಂಡಗೆ ಮಾಡ್ಲಿಕ್ಕೆ ಬರುದಿಲ್ಲ, ಗಾಲಿ ಅಳೀಲಿಕ್ಕೆ ಬಂದಿದ್ದಾಳೆ," ಎಂದು ಮೆಟ್ಟಿಲ ಕಡೆ ತಿರುಗಿದರು. ಎರಡು ಮೆಟ್ಟಿಲು ಹತ್ತಿ, ತಿರುಗಿ ನೋಡದೆ ಅಂದರು: "ಗಾಜು ಅದು, ಒಡೀತದೆ. ಬಟ್ಟೆ ಸುತ್ತಿ ತಕ್ಕೊಂಡು ಹೋಗು."

ಬಟ್ಟೆ ಸುತ್ತಿಯೇ ಕಲ್ಯಾಣಕ್ಕೆ ಒಯ್ದೆ. ಗಂಡ ಗಾಲಿ ಕೊಂಡಿದ್ದ ಅಂಗಡಿಯವನು ಬಳೆ ನೋಡಿ ಮೊದಲು ನಕ್ಕ. ಆಮೇಲೆ ಕ್ಯಾಪುಗಳ ರಾಶಿ ತಂದು ಸುರಿದ. ನಾನೂ ಮೊದಲು ಮುಖ ನೋಡಿಯೇ ಆರಿಸಹೊರಟೆ. "ಚೆಹರಾ ಛೋಡೋ ಮ್ಯಾಡಮ್, ಪೀಛೇ ಕಾ ದೇಖೋ," ಮುಖ ಬಿಡಿ, ಬೆನ್ನು ನೋಡಿ ಎಂದು ಒಂದೊಂದನ್ನೇ ಮಗುಚಿ ಬಳೆಯ ಮೇಲೆ ಇಟ್ಟುನೋಡಿದ. ಕೊಕ್ಕೆಗಳು ಬಳೆಯ ಹೊರಅಂಚನ್ನು ಕೂದಲೆಳೆಯಷ್ಟು ದಾಟಬೇಕು, ಆಗ ಒತ್ತಿದರೆ ಬಗ್ಗಿ ಒಳಗೆ ಹೋಗಿ ಹಿಡಿದುಕೊಳ್ಳುತ್ತವೆ ಎಂದ. ಒಂದೇ ತರಹದ ನಾಲ್ಕು ಸಿಕ್ಕವು. ಮನೆಗೆ ಬಂದು ಅಂಗೈಯಿಂದ ಒತ್ತಿದೆ. ಒಂದೊಂದೂ ಟಕ್ ಎಂದು ಕೂತಿತು. ಕುಟ್ಟಾಣಿ ಬೇಕಾಗಲಿಲ್ಲ.

ದಸರೆಯ ದಿನ ಸೊಸೈಟಿಯವರೆಲ್ಲ ತಂತಮ್ಮ ಗಾಡಿಗಳ ಮುಂದೆ ಇದ್ದರು. ಮಾವ ಬಿಳಿ ಪಂಚೆ ಉಟ್ಟು ಇಳಿದುಬಂದರು. ಪೂಜೆಗೆ ಮೊದಲು ಪರೀಕ್ಷೆ. ನಾಲ್ಕೂ ಕ್ಯಾಪುಗಳ ಅಂಚಿನಲ್ಲಿ ಉಗುರು ತೂರಿಸಿ ಎಬ್ಬಿಸಲು ನೋಡಿದರು. ಒಂದೂ ಅಲುಗಲಿಲ್ಲ. ನಾನು ಕೈಕಟ್ಟಿ ನಿಂತಿದ್ದೆ.

"ಹೊಳಪು ಜಾಸ್ತಿ ಆಯ್ತು," ಎಂದರು.

ಹಾರ ಹಾಕಿ, ಕಾಯಿ ಒಡೆದು, ಕುಂಕುಮದ ತಟ್ಟೆ ಹಿಡಿದು ಎಡಗಡೆ ಹಿಂದಿನ ಗಾಲಿಯ ಮುಂದೆ ಕೂತರು. ಹಚ್ಚಿದರು. ಏಳಲು ಹೋದರೆ ಮೊಣಕಾಲು ಕೇಳಲಿಲ್ಲ. ಬಾಗಿಲಿನ ಹಿಡಿಗೆ ಜೋತುಬಿದ್ದು, ಬೆವರಿ, ಹೇಗೋ ಎದ್ದರು. ವಾಚ್‌ಮನ್ ಕೈ ಕೊಡಲು ಬಂದರೆ ಗದರಿದರು. ಇನ್ನೂ ಮೂರು ಗಾಲಿ ಬಾಕಿ. ಎಲ್ಲರೂ ನೋಡುತ್ತಿದ್ದರು.

"ಕಾಕಾ, ನಾತೀಲಾ ಸಾಂಗಾ ನಾ," ಮೊಮ್ಮಗಳಿಗೆ ಹೇಳಿ ಎಂದಳು ಸೆಕ್ರೆಟರಿಯ ಹೆಂಡತಿ. ಮಗಳು ಅಲ್ಲೇ, ಅವರ ಮೊಣಕೈ ಪಕ್ಕದಲ್ಲೇ ನಿಂತಿದ್ದಳು. ಕೈ ಚಾಚಿಯೂ ಇದ್ದಳು.

ಮಾವ ಅವಳನ್ನು ದಾಟಿ ತಟ್ಟೆಯನ್ನು ನನ್ನ ಕಡೆ ಹಿಡಿದರು. ನನ್ನ ಮುಖ ನೋಡಲಿಲ್ಲ, ಗೇಟಿನ ಕಡೆ ನೋಡುತ್ತಿದ್ದರು. ಸೆಕ್ರೆಟರಿಯ ಹೆಂಡತಿ "ಅಹೋ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಬೋಳು ಹಣೆಯ ಹೆಂಗಸು ಕುಂಕುಮದ ತಟ್ಟೆ ಹಿಡಿಯುವುದೇ ಎಂದು ಅವಳು ನುಂಗಿಕೊಂಡ ಮಾತು ನನಗೆ ಚೆನ್ನಾಗಿ ಕೇಳಿತು. ತಟ್ಟೆ ತೆಗೆದುಕೊಂಡೆ. ಮುಂದಿನ ಗಾಲಿಯ ಎದುರು ಕೂತು ಕುಂಕುಮಕ್ಕೆ ಬೆರಳು ಅದ್ದಿದೆ.

"ಏಯ್!" ಮಾವನ ಗಂಟಲು ಇಡೀ ಪಾರ್ಕಿಂಗಿಗೆ ಕೇಳಿತು. ನನ್ನ ಕೈ ನಿಂತಿತು. ಈಗ ಆ ಮಾತು ಬರುತ್ತದೆ, ಎಲ್ಲರ ಮುಂದೆ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡೆ.

"ಎಡಗೈಯಾ? ಎಷ್ಟು ವರ್ಷ ಹೇಳುದು ನಿಂಗೆ? ಬಲಗೈಲಿ ಹಚ್ಚು ಮಾರಾಯ್ತಿ!"

ಅಷ್ಟೇ. ಹಚ್ಚಬೇಡ ಎನ್ನಲಿಲ್ಲ. ಬಲಗೈಯಲ್ಲಿ ಹಚ್ಚು ಎಂದರು. ಸುತ್ತ ನಿಂತವರಲ್ಲಿ ಮತ್ತೆ ಯಾರೂ ಬಾಯಿ ತೆರೆಯಲಿಲ್ಲ. ಅವರ ಬಾಯಿಗೆ ಎದುರು ಬಾಯಿ ಹಾಕುವ ಧೈರ್ಯ ಆ ಸೊಸೈಟಿಯಲ್ಲಿ ನನ್ನೊಬ್ಬಳಿಗೇ ಇದ್ದದ್ದು, ನಾನು ಆವತ್ತು ಸುಮ್ಮನಿದ್ದೆ. ಬಲಗೈಯಲ್ಲಿ ಸೊಟ್ಟಸೊಟ್ಟ ಹಚ್ಚಿದೆ. ಅವರು ಸೊಂಟದಿಂದ ಕೀಲಿ ತೆಗೆದು ಬಾನೆಟ್ಟಿನ ಮೇಲೆ ಎಸೆದು, "ನಿಂಬೆಹಣ್ಣು ತಪ್ಪಿಸ್ಬೇಡ, ಸರಿ ಮೇಲೆ ಹತ್ತಿಸು," ಎಂದು ಗೊಣಗುತ್ತ ಮೇಲೆ ಹೋದರು.

ಇದಾದ ಮೇಲೆ ನಾವು ಪ್ರೀತಿಯಿಂದ ಇದ್ದೆವೆಂದು ಯಾರೂ ತಿಳಿಯಬಾರದು. ಮರುದಿನವೇ ಚಟ್ನಿಯ ವಿಷಯಕ್ಕೆ ಕಿತ್ತಾಡಿದೆವು. ಆ ಚಳಿಗಾಲ ಅವರ ಉಸಿರು ಕೆಟ್ಟಿತು. ಠಾಣೆಯ ಆಸ್ಪತ್ರೆಗೆ ನಾನೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಾಲೀಕರ ಹಾಗೆ ಕೂತು, ಏದುಸಿರಿನ ನಡುವೆಯೂ ಗೇರು, ಹಾರ್ನು, ಗುಂಡಿ ಎಂದು ಉಪದೇಶ. ಒಂದು ಸಲವೂ ಉಪಕಾರ ಸ್ಮರಿಸಲಿಲ್ಲ. ಕೊನೆಯ ಸಲ ಇಳಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದಾಗ ಹೇಳಿದ್ದು ಇಷ್ಟು: "ಎಡದ ಮುಂದಿಂದು ಶಬ್ದ ಮಾಡ್ತದೆ. ಮುಚ್ಚಳ ನೋಡು." ನೋಡಿದೆ. ಏನೂ ಶಬ್ದವಿರಲಿಲ್ಲ, ಕ್ಯಾಪ್ ಗಟ್ಟಿಯಾಗಿತ್ತು. ಹಾಗೆಂದು ಹೇಳಿ ಅವರನ್ನು ಸೋಲಿಸಬೇಕೆಂದು ಮಾರನೆಯ ಬೆಳಿಗ್ಗೆ ಹೋದರೆ, ಕೇಳಿಸಿಕೊಳ್ಳಲು ಅವರಿರಲಿಲ್ಲ.

ಸಾವಿನ ಮನೆಯೆಂದು ಮತ್ತೆ ಒಂದು ವರ್ಷ ಹಬ್ಬವಿಲ್ಲ. ಸತ್ತ ಮೇಲೂ ನನ್ನ ಒಂದು ದಸರೆ ನುಂಗಿದರು. ಆದರೆ ಕೀಲಿ ಮೊಳೆಗೆ ಹೋಗಲಿಲ್ಲ. ಮೈದುನ ಮತ್ತೆ ಫೋನಿನಲ್ಲಿ ರಾಗ ಎಳೆದಾಗ, ನಿಮ್ಮಪ್ಪನೇ ಎಲ್ಲರೆದುರು ಕೊಟ್ಟ ಕೀಲಿ ಎಂದೆ. ರಾಗ ನಿಂತಿತು.

ಈ ಸಲದ ದಸರೆಗೆ ಗಾಡಿ ನಾನೇ ತೊಳೆದೆ. ಕ್ಯಾಪುಗಳ ಅಂಚಿನಲ್ಲಿ ಹೆಬ್ಬೆರಳು ಓಡಿಸಿ ನೋಡುತ್ತಿದ್ದೇನೆಂದು ಗೊತ್ತಾದದ್ದು ಮಗಳು ನಕ್ಕ ಮೇಲೆ. ತಟ್ಟೆ ಹಿಡಿದು ಕೂತು ಎಡಗೈ ಚಾಚಿದೆ. ಈಗ ಬೈಯುವವರಿಲ್ಲ, ನನ್ನ ಗಾಡಿ, ನನ್ನ ಕೈ. ಆದರೂ ಕೈ ಮುಂದೆ ಹೋಗಲೊಲ್ಲದು. "ಸತ್ತರೂ ಬಿಡಾಂಗಿಲ್ಲಲ್ರಿ ನೀವು," ಎಂದು ಗಟ್ಟಿಯಾಗಿಯೇ ಬೈದು ಬಲಗೈಗೆ ಬದಲಿಸಿದೆ. ನಾಲ್ಕು ಹಣೆಗೂ ಇಟ್ಟೆ. ಬೆರಳಿನಲ್ಲಿ ಕುಂಕುಮ ಉಳಿದಿತ್ತು. ಸೆಕ್ರೆಟರಿಯ ಹೆಂಡತಿ ನೋಡುತ್ತಿದ್ದಳು, ಮಗಳೂ ನೋಡುತ್ತಿದ್ದಳು. ಒರೆಸಿಕೊಳ್ಳಲು ಬಟ್ಟೆ ಹುಡುಕಲಿಲ್ಲ. ಕಾರಿನ ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡು ನನ್ನ ಹಣೆಗೆ ಇಟ್ಟುಕೊಂಡೆ, ಬಲಗೈಯಲ್ಲೇ.